ತಂತ್ರಾಂಶ ಕಟ್ಟುವವರ ಚಾವಡಿ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದುತ್ತಿರುವ ವಿದ್ಯಾರ್ಥಿಗಳಿಗೆ ಲಿನಕ್ಸ್ ಎಂಬ ಹೆಸರು ಹೊಸತಲ್ಲ. ಕೇರಳ ಸರಕಾರದ ಕೈಟ್ ಸಂಸ್ಥೆಯು ಶಾಲೆಗಳಿಗಾಗಿ ಸಿದ್ಧಪಡಿಸಿರುವ ಗಣಕವ್ಯವಸ್ಥೆಯು ಉಬುಂಟು ಎಂಬುದನ್ನು ಆಧರಿಸಿದೆ. ಉಬುಂಟು ಡೆಬಿಯನ್ ಎಂಬುದರಿಂದ ಹುಟ್ಟಿತು. ಇವೆರಡರ ತಳದಲ್ಲಿಯೂ ಯಂತ್ರದಿಂದ ಕೆಲಸ ಮಾಡಿಸುವ ಲಿನಕ್ಸ್ ಕರ್ನೆಲ್ ಎಂಬ ತಿರುಳಿದೆ. ಇದರ ಮೂಲಬರೆಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದುದನ್ನು ಇತರರಿಗೆ ಹಂಚಬಹುದು. ಆದಕಾರಣವೇ ಇಂಥವನ್ನು ಮುಕ್ತ ತಂತ್ರಾಂಶವೆಂದು ಕರೆಯುತ್ತಾರೆ.

ಇಷ್ಟನ್ನು ತಿಳಿದ ಮೇಲೆ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಈ ತಂತ್ರಾಂಶಕ್ಕೆ ಕಾರ್ಖಾನೆಯಿಲ್ಲ, ಪ್ರಧಾನ ಕಚೇರಿಯ ಮಹಡಿಯಿಲ್ಲ. ಇದನ್ನು ಕಟ್ಟುವವರು ಸಾವಿರಾರು ಮಂದಿ. ಹತ್ತಾರು ದೇಶಗಳಲ್ಲಿ ಚದರಿರುವವರು. ಅವರಲ್ಲಿ ಹೆಚ್ಚಿನವರು ಒಬ್ಬರ ಮುಖವನ್ನೊಬ್ಬರು ಕಂಡವರೇ ಅಲ್ಲ. ಕೆಲವರು ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿಯುವವರಾದರೆ, ಇನ್ನು ಅನೇಕರು ತಮ್ಮತಮ್ಮೊಳಗೆ ಪೈಪೋಟಿಯಿರುವ ಕಂಪನಿಗಳ ನೌಕರರು. ಇಂಥವರೆಲ್ಲ ಎಲ್ಲಿ ಕೂಡಿ ಸಮಾಲೋಚಿಸುತ್ತಾರೆ? ಒಂದು ಸಲಹೆಯನ್ನು ಒಪ್ಪುವುದೋ ಬಿಡುವುದೋ ಎಂಬುದು ಯಾವ ಚಾವಡಿಯಲ್ಲಿ ತೀರ್ಮಾನವಾಗುತ್ತದೆ? ಈ ವಿಷಯವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ನೋಡೋಣ. ಯಾಕೆಂದರೆ ಮೂಲಬರೆಹವನ್ನು ಓದಿದರೆ ಯಂತ್ರವು ಏನು ಮಾಡುತ್ತದೆ ಎಂದು ತಿಳಿಯುತ್ತದೆಯೇ ಹೊರತು, ಹಾಗೆಯೇ ಏಕೆ ಮಾಡಬೇಕು, ಬೇರೆ ಹಾದಿ ಇರಲಿಲ್ಲವೇ ಎಂಬುದು ತಿಳಿಯುವುದಿಲ್ಲ. ಅದು ತಿಳಿಯಬೇಕಾದರೆ ಕಟ್ಟಿದವರು ಆಡಿಕೊಂಡ ಮಾತು ನಮಗೆ ದೊರೆಯಬೇಕು.

ಮೊದಲ ದಿನಗಳ ಚಾವಡಿಯ ಹೆಸರು ಯೂಸ್‌ನೆಟ್. ಈಗಿನ ಅಂತರಜಾಲ ಪುಟಗಳು ಹುಟ್ಟುವುದಕ್ಕೂ ಮುಂಚೆ, ವಿಶ್ವವಿದ್ಯಾಲಯಗಳ ಗಣಕಯಂತ್ರಗಳು ತಮ್ಮಲ್ಲಿ ಬರೆದು ಹಾಕಿದ ಓಲೆಗಳನ್ನು ಒಂದರಿಂದೊಂದಕ್ಕೆ ದಾಟಿಸುತ್ತ, ವಿಷಯವಾರು ವಿಂಗಡಿಸಿ ಎಲ್ಲರ ಮುಂದೆ ಇಡುತ್ತಿದ್ದವು. 1983ನೆಯ ಸಪ್ಟೆಂಬರ್ 27ರಂದು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಗ್ನು ಎಂಬ ಸ್ವತಂತ್ರ ಗಣಕವ್ಯವಸ್ಥೆಯನ್ನು ಕಟ್ಟುವೆನೆಂದು ಘೋಷಿಸಿದ್ದು ಅಲ್ಲಿಯೇ. 1991ನೆಯ ಅಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತನ್ನ ಪ್ರಯತ್ನವನ್ನು ತಿಳಿಸಿದ್ದೂ ಅಲ್ಲಿಯೇ, ಮಿನಿಕ್ಸ್ ಎಂಬ ವ್ಯವಸ್ಥೆಯ ಬಳಕೆದಾರರು ಕೂಡುತ್ತಿದ್ದ ವಿಭಾಗದಲ್ಲಿ. ಆಗ ಅವನಿಗೆ 21 ವರ್ಷ. ಅವನ ಓಲೆಯಲ್ಲಿ ಬಡಾಯಿಯಿರಲಿಲ್ಲ. ಇದು ಕೇವಲ ಹವ್ಯಾಸವೆಂದೂ, ಮಿನಿಕ್ಸ್‌ನಲ್ಲಿ ನಿಮಗೆ ಹಿಡಿಸಿದುದೇನು ಹಿಡಿಸದಿದ್ದುದೇನು ತಿಳಿಸಿರೆಂದೂ ಕೇಳಿಕೊಂಡಿದ್ದ. ಪರಿಚಯವಿಲ್ಲದವರ ಅಭಿಪ್ರಾಯವನ್ನು ಬಹಿರಂಗವಾಗಿ ಬೇಡಿದ ಆ ಪ್ರಶ್ನೆಯಿಂದ ಲಿನಕ್ಸ್ ಬೆಳೆಯಿತೆಂದರೆ ಉತ್ಪ್ರೇಕ್ಷೆಯಾಗದು.

ಐದು ತಿಂಗಳು ಕಳೆಯುವಷ್ಟರಲ್ಲಿ ಅದೇ ವಿಭಾಗದಲ್ಲಿ ಒಂದು ವಾಗ್ವಾದ ನಡೆಯಿತು. ಮಿನಿಕ್ಸನ್ನು ಪಾಠ ಹೇಳುವುದಕ್ಕಾಗಿ ರಚಿಸಿದವರು ಆಂಸ್ಟರ್‌ಡ್ಯಾಮಿನ ಪ್ರಾಧ್ಯಾಪಕರಾದ ಆಂಡ್ರೂ ಟನೆನ್‌ಬಾಮ್. ಲಿನಕ್ಸಿನ ರಚನೆ ಹಳೆಯ ಕಾಲದ್ದು, ಎಲ್ಲ ಕೆಲಸಗಳನ್ನೂ ಒಂದೇ ಮುದ್ದೆಯಾಗಿ ಕಟ್ಟುವುದು ಹಿಂದಕ್ಕೆ ಹೋದಂತೆ ಎಂದು ಅವರು 1992ರ ಜನವರಿ 29ರಂದು ಬರೆದರು. ವಿದ್ಯಾರ್ಥಿಯು ಒಡನೆಯೇ ಖಾರವಾಗಿ ಉತ್ತರಿಸಿದ. ಬಳಿಕ ತನ್ನ ಮಾತಿನ ಧಾಟಿಗಾಗಿ ಅಲ್ಲಿಯೇ ಕ್ಷಮೆಯನ್ನೂ ಕೇಳಿದ. ಗುರುಸ್ಥಾನದಲ್ಲಿರುವವರೊಡನೆ ಆ ಧಾಟಿಯಲ್ಲಿ ಮಾತಾಡುವುದನ್ನು ನಾವು ಯಾರೂ ಮೆಚ್ಚುವುದಿಲ್ಲ. ಆದರೆ ಇಬ್ಬರ ವಾದವೂ ಒಳಕೋಣೆಯಲ್ಲಿ ಮುಗಿದುಹೋಗದೆ ಎಲ್ಲರ ಕಣ್ಣೆದುರಿಗೆ ನಡೆದುದರಿಂದ, 30 ವರ್ಷಗಳು ಕಳೆದ ಮೇಲೆಯೂ ಗಣಕಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ಓದಿ, ಎರಡು ಬಗೆಯ ರಚನೆಗಳ ಗುಣದೋಷಗಳನ್ನು ತೂಗಿ ನೋಡುವಂತಾಗಿದೆ.

ಕೆಲಸ ಬೆಳೆದಂತೆ ಲಿನಕ್ಸಿನವರು ತಮ್ಮದೇ ಆದ ಮೇಲಿಂಗ್ ಲಿಸ್ಟನ್ನು ಏರ್ಪಡಿಸಿಕೊಂಡರು. ಇದನ್ನು ಅಂಚೆಪಟ್ಟಿಯೆಂದು ತಿಳಿದರೆ ಸಾಕು. ಒಂದು ವಿಳಾಸಕ್ಕೆ ಇ-ಮೇಲ್ ಕಳಿಸಿದರೆ ಅದು ಪಟ್ಟಿಯಲ್ಲಿ ಹೆಸರಿರುವ ಎಲ್ಲರಿಗೂ ತಲಪುತ್ತದೆ. ಜೊತೆಗೆ ಅದರ ಪ್ರತಿಯೊಂದು ಸಾರ್ವಜನಿಕ ಸಂಗ್ರಹದಲ್ಲಿ ಉಳಿಯುತ್ತದೆ. ಕರ್ನೆಲಿನ ಮುಖ್ಯ ಅಂಚೆಪಟ್ಟಿಗೆ ದಿನವೊಂದಕ್ಕೆ ನೂರಾರು ಓಲೆಗಳು ಬರುತ್ತವೆ. ಇಷ್ಟನ್ನೂ ಓದುವವರು ಯಾರೂ ಇಲ್ಲವೆಂದೇ ಹೇಳಬಹುದು. ಜಾಲಸಂಪರ್ಕ, ಕಡತವ್ಯವಸ್ಥೆ, ಧ್ವನಿ ಮುಂತಾದ ಒಂದೊಂದು ಭಾಗಕ್ಕೂ ಬೇರೆ ಬೇರೆ ಪಟ್ಟಿಗಳೂ ಅವುಗಳ ಹೊಣೆ ಹೊತ್ತ ಪಾಲಕರೂ ಇದ್ದಾರೆ. ಯಾವ ಕಡತಕ್ಕೆ ಯಾರು ಪಾಲಕರೆಂಬುದನ್ನು ಮೂಲಬರೆಹದ ಜೊತೆಗೇ ಬರೆದಿಟ್ಟಿದ್ದಾರೆ.

ಇಲ್ಲಿ ಕೆಲಸ ನಡೆಯುವ ಕ್ರಮವನ್ನು ನೋಡಿರಿ. ಒಬ್ಬಾತನು ಒಂದು ತಪ್ಪನ್ನು ಕಂಡುಹಿಡಿದನೆಂದು ಇಟ್ಟುಕೊಳ್ಳೋಣ. ಅವನು ಮಾಡಿದ ತಿದ್ದುಪಡಿಗೆ ಪ್ಯಾಚ್ ಎಂದು ಹೆಸರು. ಹರಿದ ಬಟ್ಟೆಗೆ ಹಾಕುವ ತೇಪೆ ಎಂಬುದೇ ಆ ಮಾತಿನ ಅರ್ಥ. ತೆಗೆಯಬೇಕಾದ ಸಾಲಿನ ಮುಂದೆ ಕಳೆಯುವ ಗುರುತು, ಸೇರಿಸಬೇಕಾದ ಸಾಲಿನ ಮುಂದೆ ಕೂಡಿಸುವ ಗುರುತು. ಅದರ ಮೇಲ್ಗಡೆ, ಈ ಬದಲಾವಣೆ ಏಕೆ ಬೇಕೆಂಬ ವಿವರಣೆ. ಇದನ್ನು ಅಲಂಕಾರವಿಲ್ಲದ ಸಾದಾ ಅಕ್ಷರಗಳಲ್ಲಿ ಓಲೆಯ ಒಡಲಿನಲ್ಲಿಯೇ ಬರೆಯಬೇಕು. ಬೇರೆ ಕಡತವಾಗಿ ಲಗತ್ತಿಸುವುದನ್ನು ಅಲ್ಲಿ ಇಷ್ಟಪಡುವುದಿಲ್ಲ. ಇದು ಹಳೆಯವರ ಹಟವೆಂದು ತೋರಬಹುದು. ಕಾರಣ ಬೇರೆಯಿದೆ: ಒಡಲಿನಲ್ಲಿ ಬರೆದ ಪ್ರತಿ ಸಾಲಿನ ಕೆಳಗೂ ಓದುಗನು ತನ್ನ ಆಕ್ಷೇಪವನ್ನು ಬರೆದು ಮರಳಿ ಕಳಿಸಬಹುದು. ನಮ್ಮ ಕನ್ನಡ ಪಂಡಿತರು ಪ್ರಬಂಧದ ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆಯುವಂತೆಯೇ ಇದು. ಇಲ್ಲಿ ಆ ಕೆಂಪು ಶಾಯಿ ಲೋಕಕ್ಕೆಲ್ಲ ಕಾಣುತ್ತದೆ ಎಂಬುದಷ್ಟೇ ವ್ಯತ್ಯಾಸ. ಆಕ್ಷೇಪ ಬಂದರೆ ಬರೆದವನು ತಿದ್ದಿ, ಎರಡನೆಯ ಆವೃತ್ತಿಯೆಂದು ಗುರುತಿಸಿ ಮತ್ತೆ ಕಳಿಸುತ್ತಾನೆ. ಹತ್ತು ಆವೃತ್ತಿ ದಾಟಿದ ತೇಪೆಗಳೂ ಉಂಟು. ಹತ್ತು ದಾಟಿಯೂ ತಿರಸ್ಕೃತವಾದವೂ ಉಂಟು. ಒಪ್ಪಿಗೆಯಾದಾಗ ಬರೆದವನ ರುಜು, ಪರಿಶೀಲಿಸಿದವರ ಹೆಸರು, ಪಾಲಕರ ರುಜು ಇವೆಲ್ಲ ಆ ತೇಪೆಯೊಡನೆ ಶಾಶ್ವತವಾಗಿ ನಿಲ್ಲುತ್ತವೆ. ಈ ರುಜುವಿನ ಪದ್ಧತಿ ಜಾರಿಗೆ ಬಂದುದು 2004ರಲ್ಲಿ.

ಇದರ ಪ್ರಯೋಜನವು ಆ ದಿನಕ್ಕಿಂತ ಮುಂದಿನ ವರ್ಷಗಳಲ್ಲಿ ಹೆಚ್ಚು ಕಾಣುತ್ತದೆ. ಕರ್ನೆಲಿನ ಬರೆಹದಲ್ಲಿ ವಿಚಿತ್ರವಾಗಿ ತೋರುವ ಒಂದು ಸಾಲನ್ನು ಕಂಡಿರೆಂದು ಭಾವಿಸಿರಿ. ಗಿಟ್ ಎಂಬ ಸಾಧನವು ಆ ಸಾಲನ್ನು ಬರೆದವರು ಯಾರು, ಯಾವ ದಿನ, ಯಾವ ತಿದ್ದುಪಡಿಯಲ್ಲಿ ಎಂಬುದನ್ನು ತೋರಿಸುತ್ತದೆ. ಅಲ್ಲಿಂದ ಅಂಚೆಪಟ್ಟಿಯ ಸಂಗ್ರಹಕ್ಕೆ ಹೋದರೆ ಆ ದಿನ ಯಾರು ಏನೆಂದರು, ಯಾವ ಯಂತ್ರದಲ್ಲಿ ತೊಂದರೆ ಕಾಣಿಸಿತ್ತು, ಸುಲಭವೆಂದು ತೋರುವ ಮತ್ತೊಂದು ಉಪಾಯವನ್ನು ಏಕೆ ಕೈಬಿಟ್ಟರು ಎಂಬುದೆಲ್ಲ ದೊರೆಯುತ್ತದೆ. 2018ರಲ್ಲಿ ಕರ್ನೆಲಿನವರು ಲೋರ್ ಎಂಬ ಹೆಸರಿನಲ್ಲಿ ಹಳೆಯ ಓಲೆಗಳ ಸಂಗ್ರಹವನ್ನು ವ್ಯವಸ್ಥಿತವಾಗಿ ತೆರೆದಿಟ್ಟರು. ಬರೆದವನು ಕೆಲಸ ಬಿಟ್ಟಿರಬಹುದು, ತೀರಿಯೂ ಹೋಗಿರಬಹುದು. ಅವನ ಕಾರಣ ಉಳಿದಿದೆ. ಈ ಗಿಟ್ ಸಾಧನವನ್ನು ಕೂಡ ಟೋರ್ವಾಲ್ಡ್ಸರೇ 2005ರ ಎಪ್ರಿಲಿನಲ್ಲಿ ಕರ್ನೆಲಿನ ಕೆಲಸಕ್ಕಾಗಿ ಪ್ರಾರಂಭಿಸಿದರು.

ಬರೆದು ಮಾತಾಡುವುದೇಕೆ, ದೂರವಾಣಿಯಲ್ಲಿ ಐದು ನಿಮಿಷದಲ್ಲಿ ಮುಗಿಯುವುದಿಲ್ಲವೇ ಎಂದು ತಾಯ್ತಂದೆಯರಲ್ಲಿ ಕೆಲವರಾದರೂ ಕೇಳಬಹುದು. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯದಲ್ಲಿ ಬೆಳಗ್ಗೆ 10 ಗಂಟೆಯಾದಾಗ ನಮ್ಮಲ್ಲಿ ರಾತ್ರಿ 11.30. ಅವರ ಸೌಕರ್ಯಕ್ಕೆ ಸಭೆ ಸೇರಿಸಿದರೆ ನಮ್ಮ ಕಡೆಯವನು ನಿದ್ದೆಗಣ್ಣಿನಲ್ಲಿ ಕೂರಬೇಕು, ಇಲ್ಲವೇ ತೀರ್ಮಾನವಾದ ಮೇಲೆ ಸುದ್ದಿ ತಿಳಿಯಬೇಕು. ಅಪಾಚೆ ಎಂಬ ಹೆಸರಿನ, ಅಂತರಜಾಲ ಪುಟಗಳನ್ನು ಒದಗಿಸುವ ತಂತ್ರಾಂಶವನ್ನು 1995ರಿಂದ ಕಟ್ಟುತ್ತ ಬಂದವರು ಇದನ್ನು ಚೆನ್ನಾಗಿ ಕಂಡುಕೊಂಡರು. 1999ರಲ್ಲಿ ಸ್ಥಾಪಿತವಾದ ಅವರ ಪ್ರತಿಷ್ಠಾನದಲ್ಲಿ ಒಂದು ವಾಡಿಕೆ ಮಾತಿದೆ: ಅಂಚೆಪಟ್ಟಿಯಲ್ಲಿ ನಡೆಯದಿದ್ದುದು ನಡೆದೇ ಇಲ್ಲ. ಇಬ್ಬರು ಚಹದಂಗಡಿಯಲ್ಲಿ ಮಾತಾಡಬಾರದೆಂದಲ್ಲ. ಆಡಿದ ಮಾತನ್ನು ಪಟ್ಟಿಗೆ ತಂದು ಇತರರ ಮುಂದಿಟ್ಟ ಮೇಲೆಯೇ ಅದು ತೀರ್ಮಾನವಾಗತಕ್ಕದ್ದು. ಮತ ಕೇಳಿದಾಗ ಸಾಮಾನ್ಯವಾಗಿ ಕನಿಷ್ಠ 72 ಗಂಟೆ ಕಾಯುತ್ತಾರೆ. ಭೂಮಿಯ ಯಾವ ಮಗ್ಗುಲಿನಲ್ಲಿ ಇದ್ದವನಿಗೂ ಓದಿ ಯೋಚಿಸಿ ಬರೆಯಲು ಅಷ್ಟು ಸಮಯ ಬೇಕಷ್ಟೆ. ಒಪ್ಪಿಗೆಗೆ ಕೂಡಿಸು ಒಂದು, ವಿರೋಧಕ್ಕೆ ಕಳೆ ಒಂದು ಎಂದು ಬರೆಯುವುದು ಅವರ ರೂಢಿ. ಮೂಲಬರೆಹದ ಬದಲಾವಣೆಯನ್ನು ತಡೆಯಲು ಕಳೆ ಒಂದು ಎಂದವನು ತಾಂತ್ರಿಕ ಕಾರಣವನ್ನು ಕೊಡಲೇಬೇಕು. ಕಾರಣವಿಲ್ಲದ ವಿರೋಧಕ್ಕೆ ಬೆಲೆಯಿಲ್ಲ. ನಮ್ಮ ಸಂಘಸಂಸ್ಥೆಗಳ ಸಭೆಗಳಲ್ಲಿಯೂ ಈ ಒಂದು ನಿಯಮ ಇದ್ದಿದ್ದರೆ ಎಷ್ಟೋ ಸಂಜೆಗಳು ಉಳಿಯುತ್ತಿದ್ದುವು!

ಬರೆಹದ ಚಾವಡಿಗಳ ಜೊತೆಗೆ ಹರಟೆಯ ಜಗಲಿಗಳೂ ಇವೆ. ಫಿನ್ಲೆಂಡಿನ ಊಲು ನಗರದಲ್ಲಿ 1988ರಲ್ಲಿ ಹುಟ್ಟಿದ ಐ.ಆರ್.ಸಿ. ಎಂಬ ವ್ಯವಸ್ಥೆಯಲ್ಲಿ ಒಂದು ಸಾಲು ಬರೆದೊಡನೆ ಇನ್ನೊಬ್ಬರಿಗೆ ಕಾಣುತ್ತದೆ. ದಾರಿ ತಪ್ಪಿದವನಿಗೆ ಕೂಡಲೆ ಹಾದಿ ತೋರಿಸುವುದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಮಾತು ಹರಿದುಹೋಗುತ್ತದೆ. ಮರುದಿನ ಬಂದವನಿಗೆ ಎಳೆ ಸಿಕ್ಕುವುದಿಲ್ಲ. ಇದರಲ್ಲಿ ಮತ್ತೊಂದು ಪಾಠವೂ ಉಂಟು. ಫ್ರೀನೋಡ್ ಎಂಬ ಐ.ಆರ್.ಸಿ. ಜಾಲದಲ್ಲಿ ಮುಕ್ತ ತಂತ್ರಾಂಶದ ಅನೇಕ ಬಳಗಗಳು ಬಹುಕಾಲದಿಂದ ಕೂಡುತ್ತಿದ್ದುವು. 2021ರ ಮೇ ತಿಂಗಳಿನಲ್ಲಿ ಅದರ ಒಡೆತನದ ವಿಷಯವಾಗಿ ಜಗಳ ಹುಟ್ಟಿ, ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು ಹೊರಬಂದು ಲಿಬೆರಾ ಚಾಟ್ ಎಂಬ ಹೊಸ ಜಾಲವನ್ನು ಕಟ್ಟಿದರು. ಉಬುಂಟು, ಜೆಂಟೂ, ವಿಕಿಮೀಡಿಯ ಬಳಗಗಳು ಅವರ ಹಿಂದೆಯೇ ಗಂಟುಮೂಟೆ ಕಟ್ಟಿಕೊಂಡು ಹೊರಟವು. ಚಾವಡಿ ಯಾರ ಜಾಗದಲ್ಲಿದೆ ಎಂಬುದನ್ನು ಆ ತನಕ ವಿಚಾರಿಸದಿದ್ದವರಿಗೂ ಆ ತಿಂಗಳಲ್ಲಿ ವಿಚಾರಿಸಬೇಕಾಗಿ ಬಂತು.

2008ರಲ್ಲಿ ತೆರೆದ ಗಿಟ್‌ಹಬ್ ಎಂಬ ತಾಣ ಈಗ ಬಹುಪಾಲು ಬಳಗಗಳ ನೆಲೆ. ಅಲ್ಲಿ ಮೂಲಬರೆಹವೂ, ದೂರುಗಳ ಪಟ್ಟಿಯೂ, ತಿದ್ದುಪಡಿಯ ಕುರಿತಾದ ಚರ್ಚೆಯೂ ಒಂದೇ ಸೂರಿನಡಿ ಇವೆ. ಹೊಸಬನಿಗೆ ಅಂಚೆಪಟ್ಟಿಯ ಕಟ್ಟುಕಟ್ಟಳೆಗಳನ್ನು ಕಲಿಯುವ ಕಷ್ಟವಿಲ್ಲ. ಪೈಥಾನ್ ಭಾಷೆಯ ಬಳಗವು ತನ್ನ ದೂರುಗಳ ಪಟ್ಟಿಯನ್ನು 2022ರ ಎಪ್ರಿಲಿನಲ್ಲಿ ಅಲ್ಲಿಗೆ ಸಾಗಿಸಿತು. ಅದೇ ವರ್ಷ ತನ್ನ ಬೆಳವಣಿಗೆಯ ಚರ್ಚೆಯನ್ನು ಅಂಚೆಪಟ್ಟಿಯಿಂದ ಡಿಸ್ಕೋರ್ಸ್ ಎಂಬ, ತಾನೂ ಮುಕ್ತವಾಗಿರುವ ತಂತ್ರಾಂಶದಿಂದ ನಡೆಯುವ ಚರ್ಚಾತಾಣಕ್ಕೆ ಬದಲಾಯಿಸಿತು. ಸುಲಭವಾಗಿ ಒಳಬರುವಂತಿದ್ದರೆ ಹೆಚ್ಚು ಮಂದಿ ಬರುತ್ತಾರೆ, ನಿಜ. ಆದರೆ ಗಿಟ್‌ಹಬ್ ಸ್ವತಃ ಮುಕ್ತ ತಂತ್ರಾಂಶವಲ್ಲ. 2018ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಅದನ್ನು 750 ಕೋಟಿ ಡಾಲರಿಗೆ ಕೊಂಡಿತು. ಗೇಣಿಗೆ ಹಿಡಿದ ಜಾಗದಲ್ಲಿ ತೋಟ ಮಾಡಿದಂತೆ ಇದು: ಫಸಲು ಚೆನ್ನಾಗಿಯೇ ಬರಬಹುದು, ಕರಾರನ್ನು ಬರೆಯುವವನು ಬೇರೆ. ಗಿಟ್ ಎಂಬ ಹೆಸರನ್ನು ಈ ತಾಣವು ಹೊತ್ತಿದ್ದರೂ, ಗಿಟ್ ಕಟ್ಟುವವರು ತಮ್ಮ ಚರ್ಚೆಯನ್ನು ಇಂದಿಗೂ ಅಂಚೆಪಟ್ಟಿಯಲ್ಲಿಯೇ ನಡೆಸುತ್ತಿದ್ದಾರೆ.

ಡಿಸ್ಕಾರ್ಡ್, ಸ್ಲ್ಯಾಕ್ ಮುಂತಾದ ಮುಚ್ಚಿದ ಹರಟೆತಾಣಗಳಲ್ಲಿ ತೀರ್ಮಾನಗಳನ್ನು ಮಾಡುವುದು ಮಾತ್ರ ನನಗೆ ಸರಿಯೆಂದು ತೋರುವುದಿಲ್ಲ. ಹೆಸರು ನೋಂದಾಯಿಸದೆ ಒಳಗೆ ಹೋಗುವಂತಿಲ್ಲ, ಹುಡುಕುಯಂತ್ರಗಳಿಗೆ ಅಲ್ಲಿಯ ಮಾತು ಸಾಮಾನ್ಯವಾಗಿ ನಿಲುಕುವುದಿಲ್ಲ. ಮೂಲಬರೆಹ ಬಯಲಿನಲ್ಲಿದ್ದು ಕಾರಣ ಒಳಮನೆಯಲ್ಲಿದ್ದಂತೆ ಆಗುತ್ತದೆ.

ಎಲ್ಲವೂ ಬಯಲಿನಲ್ಲಿಯೇ ನಡೆಯಬೇಕೆಂದು ಇದರ ಅರ್ಥವಲ್ಲ. ಕಳ್ಳನು ನುಗ್ಗಬಹುದಾದ ಕಿಂಡಿಯೊಂದು ತಂತ್ರಾಂಶದಲ್ಲಿ ಕಂಡುಬಂದರೆ, ಅದನ್ನು ಮುಚ್ಚುವ ಮೊದಲೇ ಡಂಗುರ ಹೊಡೆಯುವುದು ವಿವೇಕವಲ್ಲ. ಅದಕ್ಕಾಗಿ ಗುಪ್ತ ಪಟ್ಟಿಗಳಿವೆ. ಲಿನಕ್ಸ್ ಹಂಚುವ ಬಳಗಗಳ ಅಂಥ ಒಂದು ಪಟ್ಟಿಯಲ್ಲಿ ಗುಟ್ಟನ್ನು 14 ದಿನಗಳಿಗಿಂತ ಹೆಚ್ಚು ಕಾಲ ಇಡಬಾರದೆಂಬ ಕಟ್ಟಳೆಯಿದೆ. ಇನ್ನು ಡೆಬಿಯನ್ ಬಳಗವು 1997ರಲ್ಲಿ ಅಂಗೀಕರಿಸಿದ ತನ್ನ ಸಾಮಾಜಿಕ ಒಪ್ಪಂದದಲ್ಲಿ, ಕೊರತೆಗಳನ್ನು ಮರೆಮಾಚದೆ ದೂರುಗಳ ಪಟ್ಟಿಯನ್ನು ಸದಾ ಸಾರ್ವಜನಿಕವಾಗಿ ಇಡುವೆವೆಂದು ಮಾತು ಕೊಟ್ಟಿದೆ.

ಬಯಲಿನ ಮಾತಿನ ಬಲವೂ ಮಿತಿಯೂ 2024ರಲ್ಲಿ ಒಟ್ಟಿಗೆ ಕಂಡವು. ಕಡತಗಳನ್ನು ಚಿಕ್ಕದಾಗಿ ಕುಗ್ಗಿಸುವ ಎಕ್ಸ್‌ಝೆಡ್ ಎಂಬ ಸಾಧನವೊಂದುಂಟು. ಲಿನಕ್ಸಿನ ಹೆಚ್ಚಿನ ವ್ಯವಸ್ಥೆಗಳಲ್ಲಿ ಅದು ಇದ್ದೇ ಇರುತ್ತದೆ. ಅದನ್ನು ಬಹುಕಾಲದಿಂದ ಒಬ್ಬನೇ, ಸಂಬಳವಿಲ್ಲದೆ, ನೋಡಿಕೊಳ್ಳುತ್ತಿದ್ದ. 2022ರಲ್ಲಿ ಅದರ ಅಂಚೆಪಟ್ಟಿಯಲ್ಲಿ ಹಿಂದೆಂದೂ ಕಾಣದ ಹೆಸರುಗಳು ತೋರಿಕೊಂಡು, ಕೆಲಸ ನಿಧಾನವಾಯಿತು, ಹೊಣೆಯನ್ನು ಬೇರೆಯವರಿಗೂ ವಹಿಸು ಎಂದು ಅವನನ್ನು ಒತ್ತಾಯಿಸತೊಡಗಿದವು. ಆಗಲೇ ಸಹಾಯ ಮಾಡುತ್ತಿದ್ದ ಜಿಯಾ ಟಾನ್ ಎಂಬ ಹೆಸರಿನವನಿಗೆ ಕ್ರಮೇಣ ಅಧಿಕಾರ ದೊರೆಯಿತು. ಆ ಹೆಸರಿನ ವ್ಯಕ್ತಿ 2024ರ ಫೆಬ್ರವರಿಯಲ್ಲಿ ಹೊರತಂದ ಆವೃತ್ತಿಯಲ್ಲಿ ಹಿಂಬಾಗಿಲೊಂದು ಅಡಗಿತ್ತು. ಪೋಸ್ಟ್‌ಗ್ರೆಸ್ ದತ್ತಸಂಗ್ರಹ ತಂತ್ರಾಂಶದ ಕೆಲಸಗಾರ ಆಂಡ್ರೆಸ್ ಫ್ರಾಯಿಂಡ್ ಎಂಬವರು, ದೂರದ ಯಂತ್ರಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿ ಅದನ್ನು ಪತ್ತೆಹಚ್ಚಿ, ಮಾರ್ಚ್ 29ರಂದು ಭದ್ರತೆಯ ಬಹಿರಂಗ ಅಂಚೆಪಟ್ಟಿಯಲ್ಲಿ ಬರೆದರು. ಅದು ಬಹಳ ಕಡೆಗೆ ಹರಡುವ ಮುಂಚೆಯೇ ತಡೆಯುವುದು ಸಾಧ್ಯವಾಯಿತು.

ಒತ್ತಾಯದ ಆ ಓಲೆಗಳು ಎರಡು ವರ್ಷ ಎಲ್ಲರ ಕಣ್ಣೆದುರಿಗೇ ಇದ್ದುವು; ಯಾರೂ ಅನುಮಾನಪಡಲಿಲ್ಲ. ತೆರೆದ ಬಾಗಿಲಿದ್ದ ಮಾತ್ರಕ್ಕೆ ಕಾವಲಿದೆ ಎಂದಾಗುವುದಿಲ್ಲ. ಆದರೆ ಗುಟ್ಟು ಹೊರಬಿದ್ದ ಮೇಲೆ, ಮೋಸವು ಯಾವ ದಿನ ಯಾವ ಮಾತಿನಿಂದ ಒಳಸೇರಿತೆಂಬುದನ್ನು ಹೆಜ್ಜೆಹೆಜ್ಜೆಯಾಗಿ ಗುರುತಿಸಲು ಅದೇ ಸಂಗ್ರಹ ನೆರವಾಯಿತು. ಗಮನಿಸತಕ್ಕ ಇನ್ನೊಂದು ಅಂಶ: ಹಿಂಬಾಗಿಲನ್ನು ಎಬ್ಬಿಸುವ ಸಾಲುಗಳು ಎಲ್ಲರೂ ನೋಡುವ ಮೂಲಬರೆಹದ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆಗಾಗಿ ಬೇರೆಯಾಗಿ ಕಟ್ಟಿದ ಮೂಟೆಯಲ್ಲಿ ಮಾತ್ರ ಇದ್ದುವು.

ವಿದ್ಯಾರ್ಥಿ ಮಿತ್ರರೇ, ಇದೆಲ್ಲ ದೂರದ ಮಾತೆಂದು ತಿಳಿಯಬೇಡಿರಿ. 2003ರಲ್ಲಿ ಪ್ರಾರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಸಂಪಾದಕರೆಲ್ಲ ಕೂಡಿ ಚರ್ಚಿಸುವ ಪುಟದ ಹೆಸರು ಅರಳಿ ಕಟ್ಟೆ. ಹಳ್ಳಿಯ ಅರಳಿಮರದ ಬುಡದಲ್ಲಿ ಕುಳಿತವರಂತೆ ಯಾರು ಬೇಕಾದರೂ ಅಲ್ಲಿ ಬಂದು ಮಾತಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ಹಳೆಯ ಚರ್ಚೆಗಳೂ ಅಲ್ಲಿ ಓದಲು ಸಿಕ್ಕುತ್ತವೆ. ಗ್ನೋಮ್ ಎಂಬ ತಂತ್ರಾಂಶದ ಪಟ್ಟಿಗಳನ್ನೂ ಗುಂಡಿಗಳನ್ನೂ ಬೇರೆ ಬೇರೆ ಭಾಷೆಗಳಿಗೆ ತರುವ ಕೆಲಸ ನಡೆಯುವ ತಾಣದಲ್ಲಿ ಕನ್ನಡ ತಂಡಕ್ಕೂ ಒಂದು ಪುಟವಿದೆ. ಒಬ್ಬರು ಅನುವಾದಿಸಿದುದನ್ನು ಮತ್ತೊಬ್ಬರು ಪರಿಶೀಲಿಸಿ ಟಿಪ್ಪಣಿ ಬರೆಯುವುದು ಅಲ್ಲಿಯ ಕ್ರಮ. ಯಾವ ಭಾಷೆಯ ಕೆಲಸ ಎಷ್ಟು ಮುಗಿದಿದೆಯೆಂಬ ಅಂಕಿಅಂಶಗಳನ್ನು ತೋರಿಸುವ ಆ ತಾಣಕ್ಕೆ, ಅಂಕಿಅಂಶಗಳ ಕುರಿತಾದ ಆಂಗ್ಲರ ಹಳೆಯ ಗೇಲಿಮಾತನ್ನು ನೆನೆದು, ಡ್ಯಾಮ್ಡ್ ಲೈಸ್ ಎಂದೇ ಹೆಸರಿಟ್ಟಿದ್ದಾರೆ!

ಅಕ್ಷರಗಳ ವಿಷಯಕ್ಕೆ ಬಂದರೆ ನಮ್ಮ ಆವಶ್ಯಕತೆ ಇನ್ನೂ ಹೆಚ್ಚು. ತೆರೆಯ ಮೇಲೆ ಒತ್ತಕ್ಷರವು ಸರಿಯಾದ ಜಾಗದಲ್ಲಿ ಕೂರುವಂತೆ ಮಾಡುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವು ಫೈರ್‌ಫಾಕ್ಸ್, ಲಿಬ್ರೆಆಫೀಸ್ ಮೊದಲಾದವುಗಳ ಒಳಗಿದೆ. ರಕಾರದ ಬಳಿಕ ಒತ್ತು ಬಂದರೆ ಅದು ಅರ್ಕಾವೊತ್ತಾಗಿ ಸೂರ್ಯ ಎಂಬಲ್ಲಿಯ ಹಾಗೆ ಮೂಡುತ್ತದೆ. ರ‍್ಯಾಂಕ್ ಎಂಬಲ್ಲಿ ರಕಾರವೇ ನಿಂತು ಯಕಾರ ಕೆಳಗಿಳಿಯಬೇಕಾದರೆ ಕಣ್ಣಿಗೆ ಕಾಣದ ಜೋಡುಗುರುತೊಂದನ್ನು ನಡುವೆ ಇಡಬೇಕು. ಈ ಸೂಕ್ಷ್ಮವು ಕನ್ನಡ ಓದಿದ ಐದನೆಯ ತರಗತಿಯ ಮಗುವಿಗೆ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಕನ್ನಡ ಬಾರದ ಮಹಾಪಂಡಿತನಿಗೂ ಕಾಣದು. ಇಂಥ ತಪ್ಪು ಕಂಡಾಗ ಅದನ್ನು ಹೇಳತಕ್ಕ ಜಾಗ ಆಯಾ ತಂತ್ರಾಂಶದ ದೂರುಗಳ ಪಟ್ಟಿ. ಅಲ್ಲಿ ಭಾಷೆ ಸಾಮಾನ್ಯವಾಗಿ ಇಂಗ್ಲಿಷು ಎಂಬುದು ನಮ್ಮ ಮಕ್ಕಳಿಗೊಂದು ಅಡ್ಡಿಯೇ ಸರಿ. ಆದರೆ ಅಲ್ಲಿ ಬೇಕಾದುದು ಬೆಡಗಿನ ಇಂಗ್ಲಿಷಲ್ಲ. ಸರಳವಾದ ನಾಲ್ಕು ವಾಕ್ಯಗಳು ಸಾಕು.

ಹಾಗೆ ಬರೆಯುವ ಮೊದಲು ಅದೇ ತಪ್ಪನ್ನು ಬೇರೆಯವರು ಹೇಳಿದ್ದಾರೆಯೇ ಎಂದು ಹಳೆಯ ಸಂಗ್ರಹದಲ್ಲಿ ಹುಡುಕಬೇಕು. ಇಲ್ಲವಾದರೆ ಯಾವ ವ್ಯವಸ್ಥೆ, ಯಾವ ಆವೃತ್ತಿ, ಏನು ಮಾಡಿದಾಗ ಏನಾಯಿತು, ಏನಾಗಬೇಕಾಗಿತ್ತು ಎಂಬುದನ್ನು ಬರೆದು, ತೆರೆಯ ಚಿತ್ರವೊಂದನ್ನು ಜೊತೆಗಿಡಬೇಕು. ತಾಯ್ತಂದೆಯರು ಗಮನಿಸತಕ್ಕ ಮಾತು ಒಂದಿದೆ: ಇಲ್ಲಿ ಬರೆದುದು ಬಹುಕಾಲ ಉಳಿಯುತ್ತದೆ, ಲೋಕಕ್ಕೆಲ್ಲ ಕಾಣುತ್ತದೆ. ಆದುದರಿಂದ ಮಕ್ಕಳು ಮನೆಯ ವಿಳಾಸ, ದೂರವಾಣಿ ಸಂಖ್ಯೆ, ಶಾಲೆಯ ವಿವರಗಳನ್ನು ಅಲ್ಲಿ ಬರೆಯಬಾರದು. ಮೊದಲ ಓಲೆಯನ್ನು ಅಧ್ಯಾಪಕರೊಬ್ಬರಿಗೆ ತೋರಿಸಿ ಕಳಿಸುವುದು ಮೇಲು. ಉತ್ತರ ಮರುದಿನವೇ ಬರದಿರಬಹುದು. ಒಂದು ವಾರವಾದರೂ ಕಾದು, ಹೊಸ ದೂರು ಬರೆಯದೆ, ಹಳೆಯದರ ಕೆಳಗೇ ಒಂದು ಸಾಲಿನಲ್ಲಿ ವಿನಯದಿಂದ ನೆನಪು ಮಾಡುವುದು ಅಲ್ಲಿಯ ವಾಡಿಕೆ.